ಹಿರಿಯರು, ಮಕ್ಕಳೊಂದಿಗೆ ಜೈಸಲ್ಮೇರ್: ಎಲ್ಲಿ ತಂಗುವುದು, ಏನು ನೋಡುವುದು, ಏನು ತಿನ್ನುವುದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಮಕ್ಕಳ ಶಾಲೆಗೆ ರಜೆ ಇರುವಾಗ ಜೈಸಲ್ಮೇರ್‌ಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ನಾವು ಶಿವಮೊಗ್ಗದವರು. ಹಸಿರು ಮತ್ತು ಮಳೆಯ ನಡುವೆಯೇ ಬೆಳೆದ ಮಕ್ಕಳು ಮರುಭೂಮಿಯನ್ನೊಮ್ಮೆ ಕಣ್ಣಾರೆ ನೋಡಲಿ ಎಂಬುದು ಆಸೆ. ಜೊತೆಗೆ ಅತ್ತೆ ಮಾವ ಇರುತ್ತಾರೆ. ಅತ್ತೆಯವರಿಗೆ ಮಂಡಿನೋವು ಇದೆ, ಅವರು ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಮಗಳಿಗೆ ಹನ್ನೆರಡು ವರ್ಷ, ಮಗನಿಗೆ ಆರು.

ಪ್ರವಾಸ ಏಜೆಂಟರೊಬ್ಬರು ಕೊಟ್ಟಿರುವ ಯೋಜನೆ ಹೀಗಿದೆ: ಮೊದಲ ದಿನ ಬೆಳಿಗ್ಗೆ ಕೋಟೆ, ಹವೇಲಿಗಳು (ಹಳೆಯ ಸಿರಿವಂತರ ಕೆತ್ತನೆಯ ಮನೆಗಳು), ಗಡೀಸರ್ ಕೆರೆ, ಮಧ್ಯಾಹ್ನ ಕುಲಧರಾ, ಸಂಜೆ ಸಮ್ ಮರಳುದಿಬ್ಬಗಳಲ್ಲಿ ಒಂಟೆ ಸವಾರಿ ಮತ್ತು ಟೆಂಟಿನಲ್ಲಿ ವಾಸ, ಮರುದಿನ ತನೋಟ್, ಲೋಂಗೇವಾಲಾ ನೋಡಿಕೊಂಡು ರಾತ್ರಿಯ ರೈಲು. ಇದು ನಮಗೆ ಹೊಂದುತ್ತದೆಯೇ? ಕೋಟೆಯ ಒಳಗೇ ಇರುವ ಹೋಟೆಲುಗಳಲ್ಲಿ ತಂಗುವುದು ಚೆನ್ನ ಎಂದು ಕೆಲವರು ಹೇಳುತ್ತಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಗಾಳಿಯಂತ್ರ

ಪವನ ವಿದ್ಯುತ್ ಕಂಪನಿಯೊಂದರ ಕೆಲಸದ ಮೇಲೆ ಕೆಲವು ವರ್ಷ ಜೈಸಲ್ಮೇರ್‌ನಲ್ಲಿದ್ದವನು ನಾನು. ನಿಮ್ಮ ಏಜೆಂಟರು ಸಿದ್ಧಪಡಿಸಿರುವುದು ಕಾರಿನ ಪ್ರಯಾಣದ ಯೋಜನೆಯೇ ಹೊರತು ಊರು ನೋಡುವ ಯೋಜನೆಯಲ್ಲ. ತನೋಟ್ ಮಾತಾ ಗುಡಿ ಊರಿನಿಂದ ಸುಮಾರು 120 ಕಿ.ಮೀ. ದೂರದಲ್ಲಿ, ಪಾಕಿಸ್ತಾನದ ಗಡಿಯ ಹತ್ತಿರ ಇದೆ. ಅಲ್ಲಿಂದ ಲೋಂಗೇವಾಲಾಕ್ಕೆ ಹೋಗಿ, ಮತ್ತೆ ಊರಿಗೆ ಬಂದು ರೈಲು ಹಿಡಿಯುವುದೆಂದರೆ ಅತ್ತೆಯವರು ಇಡೀ ದಿನ ಮಂಡಿ ಮಡಿಸಿಕೊಂಡೇ ಕೂತಿರಬೇಕು. ರಸ್ತೆ ಚೆನ್ನಾಗಿದೆ, ಆದರೆ ದಾರಿಯಲ್ಲಿ ನೆರಳಾಗಲಿ ಶೌಚಾಲಯವಾಗಲಿ ಬೇಕೆಂದಲ್ಲಿ ಸಿಗುವುದಿಲ್ಲ.

ಕೋಟೆಯ ಬಗ್ಗೆ ಹೇಳುವುದಾದರೆ, ಅದಕ್ಕೊಂದು ಪೂರ್ತಿ ಬೆಳಗು ಕೊಡಿ. ಭಾಟಿ ರಜಪೂತರ ರಾವಲ್ ಜೈಸಲ್ 1156ರಲ್ಲಿ ತ್ರಿಕೂಟ ಎಂಬ ಗುಡ್ಡದ ಮೇಲೆ ಕಟ್ಟಿಸಲು ಆರಂಭಿಸಿದ ಈ ಕೋಟೆಯೊಳಗೆ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್ ಎಂಬ ನಾಲ್ಕು ಹೆಬ್ಬಾಗಿಲುಗಳನ್ನು ಒಂದರ ನಂತರ ಒಂದು ದಾಟಿ ಮೇಲಕ್ಕೆ ಹೋಗಬೇಕು. ಹಾದಿಗೆ ಹಾಸಿರುವ ಕಲ್ಲುಗಳು ಶತಮಾನಗಳ ಓಡಾಟದಲ್ಲಿ ಸವೆದು ನುಣುಪಾಗಿರುವುದರಿಂದ, ಹತ್ತುವಾಗ ಏನೂ ಅನ್ನಿಸದಿದ್ದರೂ ಇಳಿಯುವಾಗ ಕಾಲು ಜಾರುತ್ತದೆ. ಹಿರಿಯರಿಗೆ ಹಿಡಿತವಿರುವ ರಬ್ಬರ್ ಅಟ್ಟೆಯ ಬೂಟು ಮತ್ತು ಒಂದು ಊರುಗೋಲು ಇರಲಿ. ಕೊನೆಯ ಬಾಗಿಲು ದಾಟಿದೊಡನೆ ಸಿಗುವ ದಸರಾ ಚೌಕದಲ್ಲಿ ಕೂತುಕೊಳ್ಳಲು ಕಟ್ಟೆಗಳಿವೆ. ಆಟೋ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ತಂಗುವ ಕಡೆಯೇ ವಿಚಾರಿಸಿಕೊಳ್ಳಿ.

ಇನ್ನೊಂದು ವಿಷಯ. ದೇಶದ ಪಶ್ಚಿಮದ ತುದಿಯ ಊರಾದ್ದರಿಂದ ಡಿಸೆಂಬರ್ ಕೊನೆಗೆ ಅಲ್ಲಿ ಸೂರ್ಯ ಮೂಡುವುದೇ ಏಳೂವರೆಯ ಸುಮಾರಿಗೆ. ನಮ್ಮೂರಿನ ಲೆಕ್ಕದಲ್ಲಿ ಆರು ಗಂಟೆಗೆ ಮಕ್ಕಳನ್ನು ಎಬ್ಬಿಸಿದರೆ ಹೊರಗೆ ಕತ್ತಲೂ ಇರುತ್ತದೆ, ನಡುಗಿಸುವ ಚಳಿಯೂ ಇರುತ್ತದೆ.

ಕಲ್ಲುಕುಟಿಗ

ಹಳೆಯ ಕಟ್ಟಡಗಳ ದುರಸ್ತಿ ನನ್ನ ವೃತ್ತಿ. ಕೋಟೆಯ ಒಳಗೆ ತಂಗುವ ವಿಚಾರದಲ್ಲಿ ನನ್ನ ಸಲಹೆ ಸ್ಪಷ್ಟ: ಬೇಡ.

ಕಾರಣ ನೀರು. ಈ ಗುಡ್ಡ ಗ್ರಾನೈಟಿನದಲ್ಲ. ಮರಳುಗಲ್ಲು ಮತ್ತು ಜೇಡಿಯ ಪದರಗಳಿರುವ ಮೆತ್ತನೆಯ ಗುಡ್ಡ. ವರ್ಷಕ್ಕೆ 200 ಮಿ.ಮೀ. ಮಳೆಯೂ ಅಪರೂಪವಾದ ಸೀಮೆಯಲ್ಲಿ ಇಂಥ ಗುಡ್ಡದ ಮೇಲೆ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಜೋಡಿಸಿ ಗೋಡೆ ಎಬ್ಬಿಸಿದವರಿಗೆ, ಮುಂದೊಂದು ದಿನ ಅದರ ನೆತ್ತಿಯ ಮೇಲೆ ನಲ್ಲಿಗಳು ಬರುತ್ತವೆ ಎಂಬ ಅಂದಾಜು ಇರಲು ಸಾಧ್ಯವಿರಲಿಲ್ಲ. ಆಗ ಹೆಂಗಸರು ಕೆಳಗಿನ ಗಡೀಸರ್ ಕೆರೆಯಿಂದ ಕೊಡಗಳಲ್ಲಿ ನೀರು ಹೊತ್ತು ತರುತ್ತಿದ್ದರು. ಹೊತ್ತು ತಂದ ನೀರನ್ನು ಯಾರೂ ಚೆಲ್ಲುವುದಿಲ್ಲ. ಕೊಳಾಯಿ ಬಂದ ಮೇಲೆ, ಅದರ ಹಿಂದೆಯೇ ಪ್ರವಾಸಿಗರ ಕೋಣೆಗಳಿಗೆ ಸ್ನಾನಗೃಹಗಳು ಬಂದ ಮೇಲೆ, ಸೋರುವ ಚರಂಡಿಗಳ ನೀರು ಬುಡಕ್ಕಿಳಿದು ಜೇಡಿಯನ್ನು ನೆನೆಸತೊಡಗಿತು. 1990ರ ದಶಕದ ಕೊನೆಯ ಹೊತ್ತಿಗೆ ಕೆಲವು ಬುರುಜುಗಳು ಕುಸಿದು ಬಿದ್ದವು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಈ ಕೋಟೆಯನ್ನು ಸೇರಿಸಿದ್ದೂ ಆ ಕಾಲದಲ್ಲಿಯೇ. 2013ರಲ್ಲಿ ರಾಜಸ್ಥಾನದ ಗುಡ್ಡದ ಕೋಟೆಗಳ ಸಾಲಿನಲ್ಲಿ ಚಿತ್ತೋಡ್‌ಗಡ, ಕುಂಭಲ್‌ಗಡ, ಆಮೇರ್ ಮುಂತಾದವುಗಳೊಂದಿಗೆ ಇದಕ್ಕೂ ಯುನೆಸ್ಕೋ ಮಾನ್ಯತೆ ದೊರೆಯಿತು. ದುರಸ್ತಿಯ ಕೆಲಸಗಳು ನಡೆದಿವೆ, ಒಳಚರಂಡಿಯೂ ಸುಧಾರಿಸಿದೆ. ಆದರೂ ಒಬ್ಬ ಅತಿಥಿ ದಿನಕ್ಕೆ ಬಳಸುವ ನೀರು ಅಲ್ಲಿನ ಮನೆಯವರು ಬಳಸುವುದಕ್ಕಿಂತ ಬಹಳ ಹೆಚ್ಚು.

ಕೋಟೆಯ ಕೆಳಗೆ ತಂಗಿದರೆ ಕೋಣೆಯ ತಾರಸಿಯಿಂದ ಇಡೀ ಕೋಟೆ ಕಾಣುತ್ತದೆ. ಒಳಗೆ ತಂಗಿದರೆ ಅದೊಂದು ಮಾತ್ರ ಕಾಣುವುದಿಲ್ಲ.

ಧಾರವಾಡದ ಅಲೆಮಾರಿ

ಕಲ್ಲುಕುಟಿಗರ ಮಾತನ್ನು ಗೌರವಿಸುತ್ತಲೇ ಒಂದು ಆಕ್ಷೇಪ ಎತ್ತುತ್ತೇನೆ. ಕೋಟೆಯೊಳಗಿನ ಕುಟುಂಬಗಳು ಪೀಳಿಗೆಗಳಿಂದ ಅಲ್ಲಿದ್ದಾರೆ. ಒಂಟೆ ಸಾರ್ಥಗಳ ವ್ಯಾಪಾರ ಮುಂಬೈ ಬಂದರಿನ ಏಳಿಗೆಯೊಂದಿಗೆ ಸೊರಗಿತು, ದೇಶವಿಭಜನೆಯ ನಂತರ ಸಿಂಧ್‌ನ ಕಡೆಯ ಹಾದಿ ಮುಚ್ಚಿಯೇ ಹೋಯಿತು. ಆ ಮೇಲೆ ಆ ಊರಿಗೆ ಉಳಿದ ದೊಡ್ಡ ಆದಾಯವೆಂದರೆ ಪ್ರವಾಸೋದ್ಯಮ. ತಮ್ಮದೇ ಮನೆಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಬದುಕುವವರಿಗೆ ‘ನಿಮ್ಮ ಮನೆಗೆ ಬರುವುದೇ ಪಾಪ’ ಎಂದು ದೂರದ ಊರಿನಲ್ಲಿ ಕೂತು ಹೇಳುವುದು ಸುಲಭ. ಚರಂಡಿ ಸರಿಪಡಿಸಬೇಕಾದದ್ದು ಆಡಳಿತದ ಹೊಣೆ. ನಾನು ಒಳಗೆ ತಂಗಿದ್ದೆ, ಬಕೆಟ್ಟಿನಲ್ಲಿ ಸ್ನಾನ ಮಾಡಿದ್ದೆ. ಪ್ರವಾಸಿಗರು ಹತ್ತಿ ಬರುವ ಮುಂಚಿನ ಓಣಿಗಳಲ್ಲಿ ಹಾಲಿನವನು, ಶಾಲೆಗೆ ಹೊರಟ ಮಕ್ಕಳು, ಬಾಗಿಲಿಗೆ ಅಡ್ಡವಾಗಿ ಮಲಗಿದ ಹಸು, ಮದುವೆಯ ತಿಥಿಯನ್ನು ಗಣೇಶನ ಚಿತ್ರದ ಕೆಳಗೆ ಬರೆದಿಟ್ಟ ಗೋಡೆಗಳು, ಇವನ್ನೆಲ್ಲ ನೋಡುವ ಅವಕಾಶ ಸಿಕ್ಕಿತ್ತು.

ಕಲ್ಲುಕುಟಿಗ

ಜೀವನೋಪಾಯದ ಮಾತನ್ನು ಒಪ್ಪುತ್ತೇನೆ. ಆದ್ದರಿಂದಲೇ ಕೋಟೆಯೊಳಗೆ ಊಟ ಮಾಡಿ, ಅಲ್ಲಿಯವರನ್ನೇ ಮಾರ್ಗದರ್ಶಿಯಾಗಿ ಕರೆದುಕೊಳ್ಳಿ, ಅಲ್ಲಿಯೇ ಖರೀದಿ ಮಾಡಿ ಎನ್ನುತ್ತೇನೆ. ರಾತ್ರಿಯ ಸ್ನಾನ ಮತ್ತು ಶೌಚಕ್ಕೆ ಮಾತ್ರ ಕೆಳಗಿಳಿಯಿರಿ. ಬೆಳಗಿನ ಓಣಿಗಳನ್ನು ನೋಡಲು ಎಂಟು ಗಂಟೆಗೆ ಹತ್ತಿದರೂ ಸಾಕು. ಚಳಿಗೆ ಊರು ತಡವಾಗಿಯೇ ಏಳುತ್ತದೆ. ಬಕೆಟ್ಟಿನಲ್ಲಿ ಸ್ನಾನ ಮಾಡುವ ಅತಿಥಿಗಳು ನಿಮ್ಮಂತೆ ಎಲ್ಲರೂ ಆಗಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ.

ಧಾರವಾಡದ ಅಲೆಮಾರಿ

ಇದರಲ್ಲಿ ನಾವಿಬ್ಬರೂ ಪೂರ್ತಿ ಒಪ್ಪುವುದಿಲ್ಲವೆಂದು ಕಾಣುತ್ತದೆ. ಆದರೆ ಮಂಡಿನೋವಿರುವವರು ದಿನಕ್ಕೆರಡು ಬಾರಿ ಆ ಹಾದಿಯನ್ನು ಹತ್ತಿಳಿಯುವುದು ಕಷ್ಟ ಎಂಬ ಕಾರಣಕ್ಕೆ ತುಂಗಾತೀರ ಅವರು ಕೆಳಗೇ ತಂಗಲಿ.

ಅಡುಗೆಮನೆ

ಊಟದ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಅತ್ತೆಯವರ ಬಗ್ಗೆ ಚಿಂತೆಯೇ ಬೇಡ. ಜೈನರು ಶತಮಾನಗಳಿಂದ ವ್ಯಾಪಾರ ಮಾಡಿಕೊಂಡು ಬಂದ ಊರು ಅದು. ಆರ್ಡರ್ ಕೊಡುವಾಗ ‘ಜೈನ್’ ಎಂದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮೂರೂ ಇಲ್ಲದ ಊಟ ಬರುತ್ತದೆ.

ಅಲ್ಲಿನ ಅಡುಗೆಯನ್ನು ಅರ್ಥ ಮಾಡಿಕೊಳ್ಳಲು ಎರಡು ಅಂಶ ಗಮನಿಸಬೇಕು: ತಾಜಾ ತರಕಾರಿ ಇರಲಿಲ್ಲ, ನೀರು ಇರಲಿಲ್ಲ. ಹಾಗಾಗಿ ಮಜ್ಜಿಗೆ, ಕಡಲೆಹಿಟ್ಟು, ತುಪ್ಪ ಮತ್ತು ಒಣಗಿಸಿಟ್ಟ ಕಾಯಿಗಳ ಸುತ್ತಲೇ ಅಡುಗೆ ಬೆಳೆಯಿತು. ಗಟ್ಟೆ ಎಂದರೆ ಕಡಲೆಹಿಟ್ಟನ್ನು ಬತ್ತಿಯಂತೆ ಹೊಸೆದು, ಬೇಯಿಸಿ, ತುಂಡು ಮಾಡಿ ಮೊಸರಿನ ಸಾರಿನಲ್ಲಿ ಬಿಟ್ಟದ್ದು. ಕೇರ್ ಸಾಂಗ್ರಿಯಲ್ಲಿ ಕೇರ್ ಎಂಬುದು ಮುಳ್ಳುಪೊದೆಯೊಂದರ ಪುಟ್ಟ ಕಾಯಿ, ಸಾಂಗ್ರಿ ಎಂಬುದು ಖೇಜಡಿ ಮರದ ಎಳೆಯ ಕೋಡು. ಖೇಜಡಿ ಬೇರೆ ಯಾವುದೂ ಅಲ್ಲ, ವಿಜಯದಶಮಿಯಂದು ನಾವು ಪೂಜಿಸುವ ಬನ್ನಿ ಮರವೇ. ನಾವು ಎಲೆಯನ್ನು ಬಂಗಾರವೆಂದು ಹಂಚಿಕೊಳ್ಳುತ್ತೇವೆ, ಅವರು ಕೋಡನ್ನು ಒಣಗಿಸಿ ವರ್ಷವಿಡೀ ಪಲ್ಯ ಮಾಡುತ್ತಾರೆ. ಹುಳಿ, ಖಾರ, ಎಣ್ಣೆ ಮುಂದಾಗಿರುವ ಈ ಪಲ್ಯವನ್ನು ಸಜ್ಜೆ ರೊಟ್ಟಿಯೊಂದಿಗೆ ತಿನ್ನಬೇಕು. ಉತ್ತರ ಕರ್ನಾಟಕದವರಿಗೆ ಆ ರೊಟ್ಟಿಯ ಪರಿಚಯ ಬೇರೆ ಮಾಡಿಸಬೇಕಾಗಿಲ್ಲ.

ದಾಲ್ ಬಾಟಿ ಚೂರ್ಮಾವನ್ನು ಮಧ್ಯಾಹ್ನ ತಿನ್ನಿ, ರಾತ್ರಿ ಬೇಡ. ಕೆಂಡದಲ್ಲಿ ಸುಟ್ಟ ಗೋಧಿಯ ಉಂಡೆಯನ್ನು ಅಂಗೈಯಲ್ಲಿ ಒತ್ತಿ ಒಡೆದು, ಬಿಸಿ ಹಬೆ ಏಳುತ್ತಿರುವಾಗಲೇ ಸೌಟಿನಿಂದ ತುಪ್ಪ ಸುರಿಯುತ್ತಾರೆ. ಸಾಕು ಎಂದು ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಬೀಳುವುದು ಅಲ್ಲಿನ ಉಪಚಾರ. ಮಕ್ಕಳಿಗೆ ದಾಲ್ ಖಾರವೆನಿಸಿದರೆ ಬಾಟಿಯನ್ನು ಪುಡಿ ಮಾಡಿ ಸಕ್ಕರೆ ಬೆರೆಸಿದ ಚೂರ್ಮಾ ಇದ್ದೇ ಇದೆ. ಸಿಹಿಯಲ್ಲಿ ಜೈಸಲ್ಮೇರ್‌ನದೇ ಆದದ್ದು ಘೋಟುವಾ ಲಡ್ಡು. ಬೂಂದಿಯನ್ನು ಅರೆದು ಮಾಡುವುದರಿಂದ ನಮ್ಮ ಬೂಂದಿ ಲಾಡಿಗಿಂತ ನುಣುಪು. ಮಾವನವರಿಗೆ ಎರಡು ದಿನದ ಮೇಲೆ ಅನ್ನ ಬೇಕೆನಿಸುವುದು ಖಚಿತ. ಜೀರಾ ರೈಸ್ ಎಲ್ಲೆಡೆ ಸಿಗುತ್ತದೆ, ಮೊಸರೂ ಸಿಗುತ್ತದೆ, ಉಪ್ಪಿನಕಾಯಿಯನ್ನು ಮಾತ್ರ ಮನೆಯಿಂದ ಒಯ್ಯಿರಿ.

ಒಂದು ಎಚ್ಚರಿಕೆ. ಕೋಟೆಯ ಬಾಗಿಲಿನ ಬಳಿ ಸರ್ಕಾರದ ಪರವಾನಗಿ ಪಡೆದ ಭಾಂಗ್ ಅಂಗಡಿಯಿದೆ. ಅಲ್ಲಿ ಲಸ್ಸಿ, ಬಿಸ್ಕತ್ತುಗಳ ರೂಪದಲ್ಲಿಯೂ ಭಾಂಗ್ ಮಾರುತ್ತಾರೆ. ‘ಸ್ಪೆಷಲ್ ಲಸ್ಸಿ’ ಎಂಬ ಹೆಸರು ನೋಡಿ ಮಕ್ಕಳಿಗೆ ಕೊಡಿಸಬೇಡಿ. ಕೇಸರಿ ಹಾಕಿದ ಮಖನಿಯಾ ಲಸ್ಸಿ ಬೇಕಿದ್ದರೆ ಅದೇ ಹೆಸರಿನಲ್ಲಿ ಮಿಠಾಯಿ ಅಂಗಡಿಯಲ್ಲಿ ಕೇಳಿ.

ಬಯಲು ಹಕ್ಕಿ

ಮರಳುದಿಬ್ಬಗಳ ಬಗ್ಗೆ. ಸಮ್ ಎಂಬುದು ಜೈಸಲ್ಮೇರ್‌ನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿದೆ. ಡಿಸೆಂಬರ್ ಕೊನೆಯ ವಾರದಲ್ಲಿ ಅಲ್ಲಿ ಸಾಲು ಸಾಲು ಟೆಂಟುಗಳು, ಪ್ರತಿ ಟೆಂಟಿನ ಅಂಗಳಕ್ಕೊಂದು ಧ್ವನಿವರ್ಧಕ, ಹೊಸ ವರ್ಷದ ಗದ್ದಲ. ಮರುಭೂಮಿಯ ನೆಮ್ಮದಿಯನ್ನು ಅರಸಿ ಹೋದವರಿಗೆ ಅಲ್ಲಿ ಸಿಗುವುದು ಸಿನಿಮಾ ಹಾಡು. ನೈಋತ್ಯ ದಿಕ್ಕಿನ ಖುಡಿ ಗ್ರಾಮವೂ ಹೆಚ್ಚುಕಡಿಮೆ ಅಷ್ಟೇ ದೂರ, ಆದರೆ ಅಲ್ಲಿ ದಿಬ್ಬಗಳ ಅಂಚಿಗೇ ಹಳ್ಳಿಯಿದೆ, ಮಣ್ಣಿನ ಗೋಡೆಯ ದುಂಡು ಗುಡಿಸಲುಗಳಲ್ಲಿ ವಸತಿ ಸಿಗುತ್ತದೆ, ಗಲಾಟೆ ಕಡಿಮೆ. ಕುಟುಂಬಕ್ಕೆ ನನ್ನ ಆಯ್ಕೆ ಖುಡಿ. ಸಂಗೀತ ಬೇಕಿದ್ದರೆ ಮಾಂಗಣಿಯಾರ್ ಗಾಯಕರು ಬರುತ್ತಾರೆಯೇ ಎಂದು ಮೊದಲೇ ಕೇಳಿ. ಕಮಾಯಚಾ ಎಂಬ ಬಿಲ್ಲಿನ ವಾದ್ಯ, ಎರಡೆರಡು ಮರದ ಪಟ್ಟಿಗಳ ಖಡತಾಲ್, ಮೈಕಿಲ್ಲದ ಕಂಠ, ಇವುಗಳನ್ನು ಹತ್ತಿರ ಕೂತು ಕೇಳುವ ಅವಕಾಶ ದೊಡ್ಡ ಟೆಂಟುಗಳಲ್ಲಿ ಸಿಗುವುದಿಲ್ಲ.

ಈ ಸೀಮೆಯ ಬಹುಭಾಗ 3,162 ಚದರ ಕಿ.ಮೀ. ವಿಸ್ತಾರದ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಮರುಭೂಮಿಯೆಂದರೆ ಬರೀ ಮರಳಲ್ಲ ಎಂದು ಮಕ್ಕಳಿಗೆ ತಿಳಿಸಲು ಇದೇ ಜಾಗ; ಹೆಚ್ಚಿನ ನೆಲ ಕುರುಚಲು, ಹುಲ್ಲು ಮತ್ತು ಕಲ್ಲು. ಗೋಡಾವಣ್ ಎಂದು ಅಲ್ಲಿಯವರು ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗೆ ಉಳಿದಿರುವ ಮುಖ್ಯ ನೆಲೆ ಇದು. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿಯೂ ಈ ಹಕ್ಕಿ ಬೆರಳೆಣಿಕೆಯಷ್ಟು ಉಳಿದಿತ್ತು. ಬದಿಗೆ ಕಣ್ಣಿರುವ ಈ ಭಾರಿ ಹಕ್ಕಿಗೆ ಹಾರುವಾಗ ನೇರ ಎದುರಿನ ವಿದ್ಯುತ್ ತಂತಿ ಬೇಗ ಕಾಣುವುದಿಲ್ಲ. ಗಾಳಿಯಂತ್ರ ಅವರ ಕ್ಷೇತ್ರದವರ ಮೇಲೆ ನಮ್ಮಂಥವರಿಗೆ ಇರುವ ದೂರು ಅದೇ. ಹಕ್ಕಿ ಕಾಣದಿದ್ದರೂ ಚಿಂಕಾರಾ ಎಂಬ ಜಿಂಕೆ ಮತ್ತು ಮರುಭೂಮಿಯ ನರಿ ಕಾಣುವ ಸಾಧ್ಯತೆ ಚೆನ್ನಾಗಿದೆ.

ಗಾಳಿಯಂತ್ರ

ದೂರು ನ್ಯಾಯವಾದದ್ದೇ. ತಂತಿಗಳಿಗೆ ತಿರುಗುವ ಬಿಲ್ಲೆಗಳನ್ನು ತೂಗುಹಾಕುವ ಕೆಲಸ ನಡೆದಿದೆ. ಅಷ್ಟು ಸಾಲದು ಎಂಬ ವಾದವೂ ನನಗೆ ಗೊತ್ತಿದೆ. ಈ ಚರ್ಚೆಗೆ ಬೇರೆ ಎಳೆ ತೆರೆಯೋಣ.

ಎರಡು ಮಕ್ಕಳ ತಾಯಿ

ಸಣ್ಣ ಮಕ್ಕಳೊಂದಿಗೆ ಹೋಗಿದ್ದವಳಾಗಿ ಕೆಲವು ಮಾತು. ಜೀಪಿನಲ್ಲಿ ದಿಬ್ಬ ಹಾರಿಸುವ ಸವಾರಿಗೆ ಆರು ವರ್ಷದವನನ್ನೂ ಹಿರಿಯರನ್ನೂ ಕೂರಿಸಬೇಡಿ. ಹಲವು ಜೀಪುಗಳಲ್ಲಿ ಜನ ಹಿಂಭಾಗದಲ್ಲಿ ಕಂಬಿ ಹಿಡಿದು ನಿಂತೇ ಹೋಗುತ್ತಾರೆ, ಬೆಲ್ಟ್ ಎಂಬುದು ಇರುವುದಿಲ್ಲ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುವುದರಿಂದ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಆ ಕ್ಷಣ ಹಿಂದಕ್ಕೆ ಬಾಗಬೇಕೆಂದು ಮಕ್ಕಳಿಗೆ ಮೊದಲೇ ಹೇಳಿಕೊಡಿ. ಅತ್ತೆಯವರಿಗೆ ಒಂಟೆಗಾಡಿ ಸಿಗುತ್ತದೆ, ಮೆತ್ತೆ ಹಾಸಿರುತ್ತಾರೆ, ಕಾಲು ಚಾಚಿ ಕೂರಬಹುದು. ಹಗಲು ಬಿಸಿಲೆಂದು ತೆಳುಬಟ್ಟೆ ಮಾತ್ರ ಒಯ್ಯಬೇಡಿ. ರಾತ್ರಿ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ, ಮರಳು ಬೇಗ ತಣ್ಣಗಾಗುತ್ತದೆ. ಉಣ್ಣೆಯ ಟೋಪಿ, ಕಾಲುಚೀಲ, ತುಟಿಗೆ ಹಚ್ಚಲು ಬೆಣ್ಣೆಯೋ ವ್ಯಾಸಲಿನ್ನೋ ಇರಲಿ.

ನಮ್ಮ ಮಕ್ಕಳಿಗೆ ಹೆಚ್ಚು ಹಿಡಿಸಿದ್ದು ದಿಬ್ಬಗಳಲ್ಲ, ಬಾಡಮೇರ್ ರಸ್ತೆಯಲ್ಲಿ ಸುಮಾರು 17 ಕಿ.ಮೀ. ದೂರದಲ್ಲಿರುವ ಆಕಲ್ ಪಳೆಯುಳಿಕೆ ಉದ್ಯಾನ. ಸುಮಾರು 18 ಕೋಟಿ ವರ್ಷಗಳ ಹಿಂದಿನ ಮರದ ಕಾಂಡಗಳು ಕಲ್ಲಾಗಿ ಅಲ್ಲಿ ಬಿದ್ದಿವೆ. ‘ಇಲ್ಲಿ ಕಾಡು ಇತ್ತೇ?’ ಎಂಬ ಪ್ರಶ್ನೆ ಮಗನ ಬಾಯಿಂದ ತಾನಾಗಿ ಬಂತು. ದೊಡ್ಡ ಸೌಕರ್ಯಗಳೇನೂ ಅಲ್ಲಿಲ್ಲ, ಬಿಸಿಲೇರುವ ಮುನ್ನ ಹೋಗಿ. ಲೋಂಗೇವಾಲಾದ ಬದಲಿಗೆ ಜೋಧ್‌ಪುರ ರಸ್ತೆಯಲ್ಲಿ ಊರಿನಿಂದ ಹತ್ತು ಕಿ.ಮೀ. ದೂರದಲ್ಲಿರುವ ಯುದ್ಧ ವಸ್ತುಸಂಗ್ರಹಾಲಯ ನೋಡಬಹುದು. 1971ರ ಡಿಸೆಂಬರಿನ ಪಾಕಿಸ್ತಾನದೊಂದಿಗಿನ ಯುದ್ಧದಲ್ಲಿ ಲೋಂಗೇವಾಲಾದ ಬಳಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅವರ ತುಕಡಿ ರಾತ್ರಿಯಿಡೀ ಟ್ಯಾಂಕುಗಳನ್ನು ತಡೆದು ನಿಂತದ್ದು, ಬೆಳಕು ಹರಿದ ಮೇಲೆ ಜೈಸಲ್ಮೇರ್‌ನಿಂದ ಹಂಟರ್ ವಿಮಾನಗಳು ಬಂದದ್ದು, ಎಲ್ಲ ವಿವರವೂ ಅಲ್ಲಿದೆ. ನಿಮ್ಮ ಮಾವನವರಿಗೆ ಆ ಯುದ್ಧ ನೆನಪಿರಬಹುದು. ಸಂಜೆ ಗಡೀಸರ್ ಕೆರೆಯ ಬಳಿ ಸೂತ್ರದ ಗೊಂಬೆಯಾಟ ಇರುತ್ತದೆ, ತಪ್ಪಿಸಬೇಡಿ.

ತುಂಗಾತೀರ

ಇಷ್ಟೊಂದು ವಿವರಕ್ಕೆ ಧನ್ಯವಾದಗಳು. ಏಜೆಂಟರ ಯೋಜನೆಯನ್ನು ಕೈಬಿಟ್ಟು ಹೀಗೆ ಮಾಡೋಣವೆಂದಿದ್ದೇವೆ: ಕೋಟೆಯ ಕೆಳಗಿನ ಹೋಟೆಲಿನಲ್ಲಿ ಮೂರು ರಾತ್ರಿ, ಖುಡಿಯಲ್ಲಿ ಒಂದು ರಾತ್ರಿ. ಕೋಟೆಗೆ ಒಂದು ಬೆಳಗು, ಹವೇಲಿಗಳಿಗೆ ಇನ್ನೊಂದು. ತನೋಟ್ ಬಿಟ್ಟಿದ್ದೇವೆ, ಮಾವನವರಿಗೆ ಮಾತ್ರ ಸ್ವಲ್ಪ ಬೇಸರ. ಇನ್ನೂ ಎರಡು ಪ್ರಶ್ನೆಗಳು: ಹವೇಲಿಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು, ಮತ್ತು ಕುಲಧರಾ ನಿಜಕ್ಕೂ ನೋಡುವಂಥದ್ದೇ?

ಕಲ್ಲುಕುಟಿಗ

ಪಟ್ವಾ ಹವೇಲಿ ಎನ್ನುವುದು ಒಂದು ಮನೆಯಲ್ಲ, ಐದು ಮನೆಗಳ ಸಾಲು. ಗುಮಾನ್‌ಚಂದ್ ಪಟ್ವಾ ಎಂಬ ವರ್ತಕ ತನ್ನ ಐವರು ಮಕ್ಕಳಿಗಾಗಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿಸತೊಡಗಿದ್ದು. ಒಳಗೆ ಪೀಠೋಪಕರಣ ಸಹಿತ ವಸ್ತುಸಂಗ್ರಹಾಲಯವಾಗಿರುವ ಒಂದನ್ನು ಹತ್ತಿ ನೋಡಿ, ಉಳಿದವನ್ನು ಓಣಿಯಲ್ಲಿ ನಿಂತು ನೋಡಿದರೆ ಸಾಕು. ಮೆಟ್ಟಿಲುಗಳು ಕಿರಿದು, ಕಡಿದು. ಅತ್ತೆಯವರು ಕೆಳಗಿನ ಅಂಗಳದಲ್ಲಿಯೇ ಇರಲಿ. ಮಗಳನ್ನು ನಥ್‌ಮಲ್ ಹವೇಲಿಗೆ ಕರೆದೊಯ್ಯಲೇಬೇಕು. ಹಾಥಿ ಮತ್ತು ಲಾಲೂ ಎಂಬ ಸಹೋದರ ಶಿಲ್ಪಿಗಳು ಎಡ ಮತ್ತು ಬಲ ಭಾಗಗಳನ್ನು ಬೇರೆ ಬೇರೆಯಾಗಿ ಕೆತ್ತಿದರೆಂದು ಹೇಳುತ್ತಾರೆ. ಮೇಲ್ನೋಟಕ್ಕೆ ಎರಡೂ ಒಂದೇ, ಸ್ವಲ್ಪ ಹೊತ್ತು ದಿಟ್ಟಿಸಿದರೆ ಕಿಟಕಿಯ ಹೂಬಳ್ಳಿಯಲ್ಲಿ, ಜಾಲರಿಯಲ್ಲಿ ವ್ಯತ್ಯಾಸ ಕಾಣತೊಡಗುತ್ತವೆ. ಹತ್ತು ವ್ಯತ್ಯಾಸ ಹುಡುಕು ಎಂದು ಬಿಟ್ಟರೆ ಮಕ್ಕಳು ಅಲ್ಲಿಂದ ಅಲುಗಾಡುವುದಿಲ್ಲ. ಕೋಟೆಯೊಳಗಿನ ಜೈನ ಬಸದಿಗಳಿಗೆ ಬೆಳಗಿನ ಹೊತ್ತಿನಲ್ಲಿಯೇ ಹೋಗಿ. ಮಧ್ಯಾಹ್ನದ ವೇಳೆಗೆ ಪ್ರವಾಸಿಗರಿಗೆ ಬಾಗಿಲು ಮುಚ್ಚುವುದುಂಟು. ಚರ್ಮದ ಬೆಲ್ಟು, ಪರ್ಸುಗಳನ್ನು ಹೊರಗೇ ಬಿಡಬೇಕಾಗುತ್ತದೆ.

ಬಯಲು ಹಕ್ಕಿ

ಕುಲಧರಾ ಜೈಸಲ್ಮೇರ್‌ನಿಂದ 18 ಕಿ.ಮೀ. ಸುಮಾರು. ಪಾಲಿವಾಲ್ ಬ್ರಾಹ್ಮಣರು ಹತ್ತೊಂಬತ್ತನೆಯ ಶತಮಾನದಲ್ಲಿ ತೊರೆದು ಹೋದ ಹಳ್ಳಿ. ದಿವಾನ ಸಾಲಿಂ ಸಿಂಗ್ ಊರಿನ ಹುಡುಗಿಯ ಮೇಲೆ ಕಣ್ಣು ಹಾಕಿದ್ದರಿಂದ 84 ಹಳ್ಳಿಗಳ ಜನ ಒಂದೇ ರಾತ್ರಿ ಶಾಪ ಹಾಕಿ ಹೊರಟರೆಂಬ ಕಥೆಯನ್ನು ಪ್ರತಿ ಮಾರ್ಗದರ್ಶಿಯೂ ಹೇಳುತ್ತಾನೆ. ಮಿತಿಮೀರಿದ ಕಂದಾಯ ಮತ್ತು ಬತ್ತಿದ ಬಾವಿಗಳು ಹೆಚ್ಚು ನಂಬಲರ್ಹ ಕಾರಣಗಳೆಂದು ನನ್ನ ಅಭಿಪ್ರಾಯ. ದೆವ್ವದ ಕಥೆಗೆ ಹೋಗಬೇಡಿ, ನೇರವಾದ ಬೀದಿಗಳನ್ನೂ ಛಾವಣಿಯಿಲ್ಲದ ಮನೆಗಳ ಅಂಗಳಗಳನ್ನೂ ನೋಡಲು ಹೋಗಿ. ಒಂದು ಗಂಟೆ ಸಾಕು. ಮಣ್ಣಿನ ಛಾವಣಿ ಹಾಕಿ ಪುನಃ ಕಟ್ಟಿರುವ ಒಂದೆರಡು ಮನೆಗಳಲ್ಲಿ ನೆರಳಿದೆ.

ಗಾಳಿಯಂತ್ರ

ಬೆಂಗಳೂರಿನಿಂದ ಜೋಧ್‌ಪುರಕ್ಕೆ ಹುಬ್ಬಳ್ಳಿ ಮಾರ್ಗವಾಗಿ ನೇರ ರೈಲು ಇದೆ, ಆದರೆ ದಿನವೂ ಇಲ್ಲ. ನಿಮಗೆ ಅದನ್ನು ಬೀರೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಹಿಡಿಯಲು ಅನುಕೂಲವಾದೀತು. ನಿಲುಗಡೆಯನ್ನು ವೇಳಾಪಟ್ಟಿಯಲ್ಲಿ ನೋಡಿಕೊಳ್ಳಿ. ಜೋಧ್‌ಪುರದಿಂದ ಜೈಸಲ್ಮೇರ್‌ಗೆ ರಸ್ತೆಯಲ್ಲಿ ಸುಮಾರು 280 ಕಿ.ಮೀ., ಐದು ಗಂಟೆಯ ಹಾದಿ. ರೈಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಹಿರಿಯರಿರುವುದರಿಂದ ಜೋಧ್‌ಪುರದಲ್ಲಿ ಒಂದು ರಾತ್ರಿ ತಂಗಿ ಮುಂದೆ ಹೋಗಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕೋಣೆಗಳ ದರ ದುಪ್ಪಟ್ಟಾಗುವುದು ಸಾಮಾನ್ಯ. ಮಕ್ಕಳ ರಜೆಯನ್ನು ಜನವರಿಯ ಮಧ್ಯಕ್ಕೆ, ಸಂಕ್ರಾಂತಿಯ ಆಸುಪಾಸಿಗೆ ಹೊಂದಿಸಲು ಸಾಧ್ಯವಾದರೆ ದರವೂ ಇಳಿದಿರುತ್ತದೆ, ಜನಸಂದಣಿಯೂ ಕಡಿಮೆಯಾಗಿರುತ್ತದೆ. ಮಾವನವರಿಗೆ ತನೋಟ್ ನೋಡಲೇಬೇಕೆಂದಿದ್ದರೆ, ಅವರೊಂದಿಗೆ ನೀವೊಬ್ಬರೇ ಬೆಳಿಗ್ಗೆ ಎಂಟಕ್ಕೆ ಹೊರಟು ಮಧ್ಯಾಹ್ನದ ಊಟದ ಹೊತ್ತಿಗೆ ಹಿಂದಿರುಗಬಹುದು; ಲೋಂಗೇವಾಲಾ ಸೇರಿಸಿದರೆ ಸಂಜೆಯಾಗುತ್ತದೆ. ಗುರುತಿನ ಚೀಟಿಯ ಮೂಲಪ್ರತಿ ಜೊತೆಗಿರಲಿ, ದಾರಿಯಲ್ಲಿ ಕೇಳಬಹುದು.

ತುಂಗಾತೀರ

ಸಂಕ್ರಾಂತಿಯ ರಜೆಗೆ ಒಂದೆರಡು ದಿನ ಸೇರಿಸಿಕೊಳ್ಳಲು ಶಾಲೆಯಲ್ಲಿ ಕೇಳುತ್ತೇನೆ. ಮಾವನವರಿಗೆ ತನೋಟ್ ವಿಷಯ ಹೇಳಿದೆ, ಡ್ರೈವರಿನ ಪಕ್ಕದ ಸೀಟು ತಮಗೇ ಬೇಕೆಂದು ಈಗಲೇ ಕಾಯ್ದಿರಿಸಿದ್ದಾರೆ.